ಹೊತ್ತಾರೆ ಗಾಳ, ಹಗಲಿಗೆ ಕೋವಿ: ಉತ್ತರ ಒಂಟಾರಿಯೊಗೆ ಹೊರಡುವ ಮುನ್ನ

ಪ್ರಶ್ನೆ: ನಾನು ಕೊಡಗಿನವನು, ಮೂರು ವರ್ಷಗಳಿಂದ ಮಿಸ್ಸಿಸಾಗಾದಲ್ಲಿ ಕಾಯಂ ನಿವಾಸಿಯಾಗಿದ್ದೇನೆ. ಊರಿನ ಮನೆಯಲ್ಲಿ ಕೋವಿ ಇದ್ದೇ ಇತ್ತು, ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಅಭ್ಯಾಸವಿದೆ, ಆದರೆ ಬೇಟೆಯಾಡಿದವನಲ್ಲ. ಬರುವ ಸೆಪ್ಟೆಂಬರ್ ಕೊನೆಯ ವಾರ ನಾಲ್ವರು ಗೆಳೆಯರೊಂದಿಗೆ ಚಾಪ್ಲೋ ಕಡೆಗೆ ಹೋಗಿ, ಒಂದು ವಾರ ಕ್ಯಾಬಿನ್ನಿನಲ್ಲಿದ್ದು, ವಾಲೈ ಮೀನು ಹಿಡಿದು, ಗ್ರೌಸ್ ಹಕ್ಕಿಯ ಬೇಟೆಯಾಡಿ, ಸಾಧ್ಯವಾದರೆ ಒಂದೆರಡು ದಿನ ಬಾತುಕೋಳಿಗೂ ಪ್ರಯತ್ನಿಸಬೇಕೆಂದಿದ್ದೇವೆ. ನಮ್ಮಲ್ಲಿ ಒಬ್ಬನಿಗೆ ಮಾತ್ರ ಕೋವಿಯ ಪರವಾನಗಿ ಇದೆ, ಅವನ ಕೋವಿಯನ್ನೇ ಎಲ್ಲರೂ ಸರದಿಯಂತೆ ಬಳಸಬಹುದು ಎನ್ನುತ್ತಾನೆ. ಆ ಹೊತ್ತಿಗೆ ನನ್ನ ತಮ್ಮನೂ ಬೆಂಗಳೂರಿನಿಂದ ಪ್ರವಾಸಿ ವೀಸಾದಲ್ಲಿ ಬಂದಿರುತ್ತಾನೆ. ಚಳಿ ಶುರುವಾದ ಮೇಲೆ ಮೀನು ಕಚ್ಚುವುದಿಲ್ಲ, ನಾಯಿಯಿಲ್ಲದೆ ಗ್ರೌಸ್ ಸಿಗುವುದಿಲ್ಲ ಎಂದು ಕೆಲವರು ಹೇಳಿದ್ದಾರೆ. ಮನೆಯವಳಿಗೆ ಕರಡಿಯದೇ ಚಿಂತೆ. ಎರಡನ್ನೂ ಒಂದೇ ವಾರದಲ್ಲಿ ಮಾಡಹೊರಟರೆ ಎರಡೂ ಕೆಡುತ್ತವೆಯೇ?

ಉತ್ತರ: ಎರಡೂ ಕೆಡಬೇಕಾಗಿಲ್ಲ. ಉತ್ತರ ಒಂಟಾರಿಯೊದ ಶಿಬಿರಗಳಲ್ಲಿ ಹಲವು ಶರತ್ಕಾಲಗಳನ್ನು ಮಾರ್ಗದರ್ಶಿಯಾಗಿ ಕಳೆದವನಾಗಿ, ಈಗ ಹೊಸ ಬೇಟೆಗಾರರಿಗೆ ಸುರಕ್ಷತೆಯ ತರಗತಿ ನಡೆಸುವವನಾಗಿ ನಾನು ಕಂಡಂತೆ, ವಾಲೈ ಮತ್ತು ಗ್ರೌಸ್ ಒಂದೇ ದಿನದೊಳಗೆ ಒಂದಕ್ಕೊಂದು ಎಡೆ ಬಿಟ್ಟುಕೊಡುವಷ್ಟು ಚೆನ್ನಾಗಿ ಹೊಂದುವ ಜೋಡಿ. ಇಂಥ ಪ್ರವಾಸಗಳು ಕೆಡುವುದು ತಡವಾಗಿ ಹಿಡಿದ ಕಾಗದಪತ್ರದಿಂದ, ನಕ್ಷೆಯನ್ನು ನೋಡದೆ ಕಾದಿರಿಸಿದ ಕ್ಯಾಬಿನ್ನಿನಿಂದ ಮತ್ತು ತಣ್ಣೀರಿನ ಅಪಾಯವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದಿರುವುದರಿಂದ. ನಿಮ್ಮ ಪತ್ರದಲ್ಲಿ ಈ ಮೂರೂ ಇಣುಕುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಕೋವಿಯ ವಿಚಾರ. ಭಾರತದ ಶಸ್ತ್ರಾಸ್ತ್ರ ಕಾನೂನಿನಲ್ಲಿ ಕೊಡವರಿಗಿರುವ ವಿನಾಯಿತಿಗೆ ಕೆನಡಾದಲ್ಲಿ ಬೆಲೆಯಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ನಿಮ್ಮ ಗೆಳೆಯ ಹೇಳುವ ಮಾತಿನಲ್ಲಿ ಅರ್ಧ ಸತ್ಯವಿದೆ, ತೊಂದರೆ ಬರುವುದೂ ಆ ಅರ್ಧದಿಂದಲೇ. ಪರವಾನಗಿ ಇರುವವರ ನೇರ ಮೇಲ್ವಿಚಾರಣೆಯಲ್ಲಿ, ಅವರು ಪಕ್ಕದಲ್ಲೇ ನಿಂತಿರುವಾಗ, ಇನ್ನೊಬ್ಬರು ಅವರ ಕೋವಿಯನ್ನು ಹಿಡಿಯಲು ಒಕ್ಕೂಟ ಸರ್ಕಾರದ ಕಾನೂನು ಅವಕಾಶ ಕೊಡುತ್ತದೆ. ಆದರೆ ಬೇಟೆಯಾಡಲು ಪ್ರಾಂತ್ಯದ ಪರವಾನಗಿ ಬೇರೆಯೇ ಬೇಕು. ಅದಕ್ಕೆ ಬೇಟೆ ಶಿಕ್ಷಣದ ತರಗತಿ ಮುಗಿಸಿ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಔಟ್‌ಡೋರ್ಸ್ ಕಾರ್ಡ್ ಪಡೆದು, ಅದರ ಮೇಲೆ ಚಿಕ್ಕ ಪ್ರಾಣಿಪಕ್ಷಿಗಳ ಬೇಟೆಯ ಪರವಾನಗಿ ಕೊಳ್ಳಬೇಕು. ಕೋವಿಯನ್ನು ಸ್ವತಂತ್ರವಾಗಿ ಹಿಡಿಯಲು ಕೋವಿ ಸುರಕ್ಷತೆಯ ತರಗತಿ ಮತ್ತು ‘ಪಾಲ್’ ಎಂದು ಎಲ್ಲರೂ ಕರೆಯುವ ಒಕ್ಕೂಟದ ಪರವಾನಗಿ ಬೇಕು. ಬೇಟೆ ಶಿಕ್ಷಣ ಮುಗಿಸಿದ್ದರೂ ಪಾಲ್ ಇಲ್ಲದವರಿಗೆ ಒಂಟಾರಿಯೊದಲ್ಲಿ ಕಲಿಕೆಯ ಬೇಟೆಗಾರನ ಯೋಜನೆಯೊಂದಿದೆ, ಅದರಡಿ ಪರವಾನಗಿ ಇರುವ ಮಾರ್ಗದರ್ಶಕ ಮತ್ತು ಕಲಿಯುವವ ಇಬ್ಬರೂ ಸೇರಿ ಒಂದೇ ಕೋವಿಯನ್ನು ಹಂಚಿಕೊಳ್ಳಬೇಕು. ಅಂದರೆ ಒಬ್ಬ ಮಾರ್ಗದರ್ಶಕ, ಒಬ್ಬ ಕಲಿಯುವವ, ಒಂದು ಕೋವಿ. ಐವರು ಸರದಿ ನಿಂತು ಹೊಡೆಯುವ ಏರ್ಪಾಡು ಇದರಲ್ಲಿ ಎಲ್ಲಿಯೂ ಇಲ್ಲ.

ನೀವು ಮಾರ್ಚ್ ತಿಂಗಳಲ್ಲಿ ಕೇಳುತ್ತಿರುವುದು ನಿಮ್ಮ ಪಾಲಿನ ಅದೃಷ್ಟ. ಎರಡೂ ತರಗತಿಗಳನ್ನು ಒಟ್ಟಿಗೆ ನಡೆಸುವ ಬೋಧಕರು ಟೊರಾಂಟೊ ಸುತ್ತಮುತ್ತ ಬೇಕಾದಷ್ಟಿದ್ದಾರೆ, ಒಂದು ವಾರಾಂತ್ಯದಲ್ಲಿ ಮುಗಿಯುವ ಕೆಲಸ. ಆದರೆ ಮೊದಲ ಸಲ ಅರ್ಜಿ ಹಾಕುವವರಿಗೆ ಕನಿಷ್ಠ 28 ದಿನಗಳ ಕಾಯುವ ಅವಧಿಯನ್ನು ಕಾನೂನೇ ವಿಧಿಸಿದೆ, ಅದರ ಮೇಲೆ ಹಿನ್ನೆಲೆ ಪರಿಶೀಲನೆ, ಆಮೇಲೆ ಅಂಚೆ. ಬೇಸಗೆ ಕೊನೆಯಲ್ಲಿ ಅರ್ಜಿ ಹಾಕಿ ಸೆಪ್ಟೆಂಬರಿನಲ್ಲಿ ದಿನವೂ ಅಂಚೆಪೆಟ್ಟಿಗೆ ತೆರೆದು ನೋಡುವವರನ್ನು ನಾನು ಪ್ರತಿವರ್ಷ ಕಾಣುತ್ತೇನೆ. ಪೌರತ್ವ ಬೇಕಿಲ್ಲ. ಒಂಟಾರಿಯೊ ನಿವಾಸಿಯ ದರದಲ್ಲಿ ಬೇಟೆಯ ಪರವಾನಗಿ ಸಿಗಬೇಕಾದರೆ ಕಳೆದ ಹನ್ನೆರಡು ತಿಂಗಳುಗಳಲ್ಲಿ ಸತತ ಆರು ತಿಂಗಳು ಇಲ್ಲಿ ವಾಸವಿದ್ದಿರಬೇಕು, ನೀವು ಇದ್ದೀರಿ. ನನ್ನ ಸಲಹೆ ಇಷ್ಟು: ನೀವು ಮತ್ತು ಇನ್ನೊಬ್ಬರು ಏಪ್ರಿಲಿನಲ್ಲೇ ತರಗತಿ ಮುಗಿಸಿರಿ. ಉಳಿದಿಬ್ಬರು ಈ ವರ್ಷ ಗಾಳದೊಂದಿಗೆ ತೃಪ್ತರಾಗಲಿ. ಕಾಡಿನ ದಾರಿಯಲ್ಲಿ ಒಂದು ಗುಂಪಿಗೆ ಮೂರು ಕೋವಿ ಈಗಾಗಲೇ ಹೆಚ್ಚು. ಇಬ್ಬರು ಹೊಡೆಯುವವರು, ಒಬ್ಬ ನೋಡುವವನು ಎಂಬುದೇ ಹೊಸಬರಿಗೆ ಒಳ್ಳೆಯ ಲೆಕ್ಕ.

ಇನ್ನು ಜಾಗ. ಚಾಪ್ಲೋ ಎಂದು ಬರೆದಿದ್ದೀರಿ, ಕ್ಯಾಬಿನ್ ಎಲ್ಲಿದೆ ಎಂದು ಬರೆದಿಲ್ಲ. ಚಾಪ್ಲೋ ಕ್ರೌನ್ ಗೇಮ್ ಪ್ರಿಸರ್ವ್ ಎಂಬ ಸಂರಕ್ಷಿತ ಪ್ರದೇಶ ಆ ಊರಿನ ಉತ್ತರಕ್ಕೆ ಹಬ್ಬಿದೆ. 1925ರಲ್ಲಿ ಸ್ಥಾಪನೆಯಾದ ಇದರ ವಿಸ್ತೀರ್ಣ 7,000 ಚದರ ಕಿಲೋಮೀಟರಿಗೂ ಹೆಚ್ಚು, ಜಗತ್ತಿನ ಅತಿ ದೊಡ್ಡ ವನ್ಯಜೀವಿ ಮೀಸಲುಗಳಲ್ಲಿ ಒಂದೆಂದು ಹೇಳುತ್ತಾರೆ. ಅದರೊಳಗೆ ಮೀನು ಹಿಡಿಯಬಹುದು, ಆದರೆ ಬೇಟೆಯಾಡುವಂತಿಲ್ಲ, ಕೋವಿ ಇಟ್ಟುಕೊಳ್ಳುವುದಕ್ಕೂ ನಿರ್ಬಂಧವಿದೆ. ಚೆಂದದ ಸರೋವರ, ಒಳ್ಳೆಯ ದೋಣಿ, ಸಾಕಷ್ಟು ವಾಲೈ ಎಂದು ನೋಡಿ ಮೀಸಲಿನ ಒಳಗಿನ ಕ್ಯಾಬಿನ್ ಕಾದಿರಿಸಿ, ಕೋವಿಗಳನ್ನು ಕಾರಿನಲ್ಲಿ ತುಂಬಿಕೊಂಡು ಬಂದ ತಂಡವೊಂದನ್ನು ನಾನೇ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ತಡೆದು ಎಚ್ಚರಿಸಿದ್ದೇನೆ. ಮೀನಿಗೆ ಹೇಳಿ ಮಾಡಿಸಿದ ಆ ಜಾಗ ನಿಮ್ಮ ಜೋಡಿ ಪ್ರವಾಸಕ್ಕೆ ಹೊಂದುವುದಿಲ್ಲ. ಮುಂಗಡ ಕೊಡುವ ಮುನ್ನ ಕ್ಯಾಬಿನ್ನಿನ ಮಾಲೀಕರನ್ನು ಎರಡು ಪ್ರಶ್ನೆ ಕೇಳಿ: ನಿಮ್ಮದು ಯಾವ ವನ್ಯಜೀವಿ ನಿರ್ವಹಣಾ ಘಟಕದಲ್ಲಿದೆ, ಯಾವ ಮೀನುಗಾರಿಕೆ ವಲಯದಲ್ಲಿದೆ? ಬೇಟೆಯ ನಿಯಮಗಳು ಮೊದಲನೆಯ ಸಂಖ್ಯೆಯ ಮೇಲೆ, ಮೀನಿನ ನಿಯಮಗಳು ಎರಡನೆಯದರ ಮೇಲೆ ನಿಂತಿವೆ, ಇವೆರಡರ ಗಡಿಗಳು ಒಂದೇ ಅಲ್ಲ.

ನಾನಾದರೆ ಮೊದಲ ಸಲಕ್ಕೆ ಅಷ್ಟು ದೂರ ಹೋಗುವುದಿಲ್ಲ. ಸಡ್ಬರಿಯಿಂದ 144ನೆಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಸುಮಾರು 190 ಕಿಲೋಮೀಟರಿಗೆ ಗೋಗಾಮ ಸಿಗುತ್ತದೆ. ಮಿನಿಸಿನಾಕ್ವಾ, ಮಟ್ಟಗಾಮಿ ಮುಂತಾದ ಸರೋವರಗಳಲ್ಲಿ ವಾಲೈ ಇದೆ, ಸುತ್ತ ಮರ ಕಡಿದ ಹಳೆಯ ದಾರಿಗಳ ಬಲೆಯೇ ಇದೆ. ಮಟ್ಟಗಾಮಿ ಫಸ್ಟ್ ನೇಷನ್ನಿನ ನೆಲ ಅಲ್ಲಿಯೇ ಇರುವುದರಿಂದ ಅವರ ಜಾಗದೊಳಗೆ ಕಾಲಿಡಲು ಅವರ ಅನುಮತಿ ಬೇಕೆಂಬುದನ್ನು ಮರೆಯಬೇಡಿ. ಸಡ್ಬರಿ ದಾಟಿದ ಮೇಲೆ ಫೋನ್ ಸಿಗ್ನಲ್ ಬಹಳ ಕಡೆ ಇರುವುದಿಲ್ಲ, ಪೆಟ್ರೋಲ್ ಟ್ಯಾಂಕ್ ತುಂಬಿಸದೆ ಮುಂದೆ ಹೋಗಬೇಡಿ, ಉಪಗ್ರಹ ಸಂದೇಶ ಸಾಧನವೊಂದನ್ನು ಬಾಡಿಗೆಗಾದರೂ ತನ್ನಿ. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಮೂಸ್ ಎಂಬ ಭಾರಿ ಜಿಂಕೆ ಅಡ್ಡ ಬರುತ್ತದೆ, ಅದರ ಕಾಲುಗಳು ಎಷ್ಟು ಉದ್ದವೆಂದರೆ ಕಾರು ಗುದ್ದಿದರೆ ದೇಹ ನೇರವಾಗಿ ಗಾಜಿನ ಮೇಲೆ ಬೀಳುತ್ತದೆ. ಹಗಲಲ್ಲೇ ತಲುಪಿ.

ಚಳಿಗೆ ಮೀನು ಕಚ್ಚುವುದಿಲ್ಲ ಎನ್ನುವ ಮಾತು ಎಲ್ಲಿಂದ ಬಂತೆಂದು ಹೇಳುತ್ತೇನೆ. ಬೇಸಗೆಯಲ್ಲಿ ಆಳದ ಸರೋವರದ ನೀರು ಪದರ ಪದರವಾಗಿ ನಿಂತಿರುತ್ತದೆ, ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣಗಿನ ಭಾರದ ನೀರು. ಶರತ್ಕಾಲದಲ್ಲಿ ಮೇಲಿನ ನೀರು ತಣಿಯುತ್ತ ಕೆಳಗಿನ ನೀರಿನ ಉಷ್ಣತೆಗೆ ಹತ್ತಿರವಾದಾಗ ಪದರಗಳ ನಡುವಿನ ತಡೆ ಒಡೆದು, ಗಾಳಿಯ ಹೊಡೆತಕ್ಕೆ ಇಡೀ ಸರೋವರ ಮಗುಚಿಕೊಳ್ಳುತ್ತದೆ. ಆ ಕೆಲವು ದಿನ ನೀರು ಕದಡಿ, ತಳದ ಕಸ ಮೇಲೆ ತೇಲಿ, ಒಂದು ಬಗೆಯ ಕೊಳೆತ ವಾಸನೆ ಬರುತ್ತದೆ. ಮೀನು ಚದುರಿಹೋಗಿ ಎಲ್ಲಿದೆಯೆಂದೇ ಗೊತ್ತಾಗುವುದಿಲ್ಲ. ನಿಮ್ಮನ್ನು ಹೆದರಿಸಿದವರು ಬಹುಶಃ ಆ ದಿನಗಳಲ್ಲಿ ಹೋದವರು. ಉತ್ತರದಲ್ಲಿ ಇದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರದೊಳಗೆ ಯಾವಾಗ ಬೇಕಾದರೂ ಆಗಬಹುದು, ಸರೋವರದಿಂದ ಸರೋವರಕ್ಕೆ ಬೇರೆಯಾಗಿರುತ್ತದೆ. ನಿಮ್ಮ ವಾರ ಅದಕ್ಕೆ ಸಿಕ್ಕಿಕೊಂಡರೆ ಅಂಜಬೇಕಾಗಿಲ್ಲ. ಹರಿಯುವ ಹೊಳೆಯಲ್ಲಿ ಪದರಗಳೇ ಕಟ್ಟುವುದಿಲ್ಲ, ಆಳವಿಲ್ಲದ ಸರೋವರದಲ್ಲಿ ಗಾಳಿ ಬೇಸಗೆಯಲ್ಲೂ ನೀರನ್ನು ಕಲಕುತ್ತಿರುತ್ತದೆ. ಆದ್ದರಿಂದ ಹೊಳೆ ಸೇರುವ ಬಾಯಿ, ಕಿರುಜಲಪಾತದ ಕೆಳಗಿನ ಮಡು, ಇಂಥ ಕಡೆ ಗಾಳ ಇಳಿಸಿ. ಮಗುಚುವಿಕೆ ಮುಗಿದ ಮೇಲಂತೂ ಚಳಿಗಾಲಕ್ಕೆ ಮೈತುಂಬಿಕೊಳ್ಳುವ ವಾಲೈ ಚೆನ್ನಾಗಿ ಕಚ್ಚುತ್ತದೆ. ಅಲ್ಲಿಯ ಜನ ಇದನ್ನು ಪಿಕರೆಲ್ ಎನ್ನುತ್ತಾರೆ, ಅಂಗಡಿಯಲ್ಲಿ ಕೇಳುವಾಗ ನೆನಪಿರಲಿ.

ಒಂದು ಎಚ್ಚರಿಕೆ. ಈ ಕಾಲದಲ್ಲಿ ವಾಲೈ ಆಳಕ್ಕೆ ಇಳಿದಿರುತ್ತದೆ. ಮೂವತ್ತು ಅಡಿಗಿಂತ ಆಳದಿಂದ ಎಳೆದ ಮೀನನ್ನು ದೋಣಿಯ ಅಂಚಿಗೆ ತಂದಾಗ ಗಮನಿಸಿ: ಹೊಟ್ಟೆ ಉಬ್ಬಿ, ಕಣ್ಣು ಹೊರಚಾಚಿ, ಕೆಲವೊಮ್ಮೆ ಜಠರವೇ ಬಾಯಿಗೆ ಬಂದಿರುತ್ತದೆ. ಒತ್ತಡ ಕಡಿಮೆಯಾದಂತೆ ಅದರ ಗಾಳಿಚೀಲ ಹಿಗ್ಗಿದ್ದರ ಫಲ ಇದು. ಹಿಡಿದು ಬಿಟ್ಟರೆ ಮೀನಿಗೇನೂ ಆಗದು ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ, ಬಿಟ್ಟ ಮೀನು ಕೆಳಗಿಳಿಯಲಾರದೆ ತೇಲುತ್ತ ಹದ್ದಿನ ಪಾಲಾಗುವುದನ್ನು ನಾನು ಕಂಡಿದ್ದೇನೆ. ಇಟ್ಟುಕೊಳ್ಳಬೇಕಾದಷ್ಟು ಸಿಕ್ಕಿದ ಮೇಲೆ ಆಳದಲ್ಲಿ ಗಾಳ ಹಾಕುವುದನ್ನು ನಿಲ್ಲಿಸಿ, ಹದಿನೈದು ಇಪ್ಪತ್ತು ಅಡಿಯ ನೀರಿಗೆ ಬನ್ನಿ.

ನಾಯಿಯಿಲ್ಲದೆ ಗ್ರೌಸ್ ಸಿಗದು ಎಂಬ ಮಾತು ಸರಿಯಲ್ಲ ಎಂಬುದಕ್ಕೆ ಉತ್ತರದ ಅನೇಕ ಬೇಟೆಗಾರರೇ ಸಾಕ್ಷಿಯಾಗಿ ನಿಲ್ಲುತ್ತಾರೆ. ಈ ಹಕ್ಕಿಗೆ ತಿಂದ ಎಲೆ ಮೊಗ್ಗುಗಳನ್ನು ಅರೆಯಲು ಸಣ್ಣ ಕಲ್ಲು ಬೇಕು, ಅದು ಸಿಗುವುದು ಜಲ್ಲಿಯ ದಾರಿಯಲ್ಲಿ. ದಾರಿಯಂಚಿನಲ್ಲಿ ಕ್ಲೋವರ್ ಹಸಿರಾಗಿರುತ್ತದೆ, ಬೆಳಗಿನ ಇಬ್ಬನಿಯ ನಂತರ ಬಿಸಿಲು ಮೊದಲು ಬೀಳುವುದೂ ಅಲ್ಲಿಯೇ. ಹೀಗಾಗಿ ಬೆಳಗ್ಗೆ ಒಂಬತ್ತರ ಮೇಲೆ ಮತ್ತು ಸೂರ್ಯ ಇಳಿಯುವ ಮುನ್ನದ ಎರಡು ತಾಸು ಹಕ್ಕಿ ತಾನಾಗಿ ದಾರಿಗೆ ಬರುತ್ತದೆ. ಆಸ್ಪೆನ್ ಮರ ಕಡಿದು ಹತ್ತು ಹದಿನೈದು ವರ್ಷವಾಗಿ ಎಳೆಯ ಗಿಡಗಳು ಒತ್ತಾಗಿ ಬೆಳೆದ ಕಡೆ, ಆಲ್ಡರ್ ಪೊದೆಯಿರುವ ತಗ್ಗಿನ ಅಂಚಿನಲ್ಲಿ ಹುಡುಕಿ. ನಿಧಾನ ನಡೆಯಿರಿ, ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲಿ. ನಿಂತಾಗಲೇ ಅದು ಧೈರ್ಯಗೆಟ್ಟು ಹಾರುತ್ತದೆ. ಮೊದಲ ಹಕ್ಕಿ ಸಿಕ್ಕಾಗ ಅದರ ಕೊರಳ ಬುಡದ ಮೇವಿನ ಚೀಲವನ್ನು ಬೆರಳಿನಿಂದ ಬಿಡಿಸಿ ನೋಡಿ. ಕ್ಲೋವರ್ ಎಲೆ ಇದ್ದರೆ ದಾರಿಯಲ್ಲೇ ಮುಂದುವರಿಯಿರಿ, ಕೆಂಪು ಹಣ್ಣುಗಳಿದ್ದರೆ ಪೊದೆಯಂಚಿಗೆ ತಿರುಗಿ. ಆ ದಿನದ ಬೇಟೆಯ ನಕ್ಷೆ ಅಷ್ಟರಲ್ಲೇ ಸಿಗುತ್ತದೆ. ಇವುಗಳ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುವ ಚಕ್ರದಲ್ಲಿ ಸಾಗುವುದರಿಂದ, ಕೆಲವು ವರ್ಷ ದಿನವಿಡೀ ನಡೆದರೂ ಎರಡೇ ಹಕ್ಕಿ ಕಾಣಬಹುದು, ಅದು ನಿಮ್ಮ ತಪ್ಪಲ್ಲ.

ಈಗ ದಿನದ ಲೆಕ್ಕ ನೋಡಿ. ವಾಲೈಯ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಪದರವಿದೆ, ಅದರಿಂದಲೇ ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಮಸುಕು ಬೆಳಕಿನಲ್ಲಿ ಬೇಟೆಯಾಡುವ ಮೀನು ಅದು. ನಸುಕಿನಿಂದ ಎಂಟೂವರೆಯವರೆಗೆ ದೋಣಿ, ಆಮೇಲೆ ತಿಂಡಿ, ಒಂಬತ್ತೂವರೆಯಿಂದ ಮಧ್ಯಾಹ್ನದವರೆಗೆ ಕಾಡಿನ ದಾರಿ, ಊಟ ಮತ್ತು ವಿಶ್ರಾಂತಿ. ಸಂಜೆ ಮಾತ್ರ ಎರಡೂ ಒಂದೇ ಹೊತ್ತಿಗೆ ಕರೆಯುತ್ತವೆ, ಅಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಗಾಳಿ ಜೋರಿರುವ ಸಂಜೆ ದೋಣಿ ಬೇಡವೇ ಬೇಡ. ಮಳೆಯ ದಿನ ಗ್ರೌಸ್ ದಟ್ಟ ಕೋನಿಫರ್ ಮರಗಳೊಳಗೆ ಅಡಗುವುದರಿಂದ ಇಡೀ ದಿನ ಮೀನಿಗೆ ಕೊಡಿ. ಎರಡಕ್ಕೂ ಮಿತಿ ತುಂಬಿಸಲೇಬೇಕೆಂದು ಹಟ ಹಿಡಿದ ತಂಡಗಳು ಮೂರನೆಯ ದಿನಕ್ಕೆ ದಣಿದು ಜಗಳಕ್ಕೆ ಇಳಿಯುತ್ತವೆ.

ಮಿತಿಯ ವಿಷಯದಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ಗ್ರೌಸ್‌ಗೆ ದಿನಕ್ಕೆ ಐದು, ಒಟ್ಟು ಇಟ್ಟುಕೊಳ್ಳಲು ಹದಿನೈದು. ರಫ್ಡ್ ಮತ್ತು ಸ್ಪ್ರೂಸ್ ಎರಡೂ ಜಾತಿ ಸೇರಿ ಈ ಲೆಕ್ಕ. ಇದನ್ನೇ ಮೀನಿಗೂ ಅನ್ವಯಿಸಿ ದಿನಕ್ಕೆ ನಾಲ್ಕು ವಾಲೈಯಂತೆ ಏಳು ದಿನಕ್ಕೆ ಇಪ್ಪತ್ತೆಂಟು ಎಂದು ಲೆಕ್ಕ ಹಾಕಿದರೆ ದಂಡ ಖಚಿತ. ಮೀನಿನ ವಿಷಯದಲ್ಲಿ ದಿನದ ಮಿತಿಯೇ ಇಟ್ಟುಕೊಳ್ಳುವ ಮಿತಿಯೂ ಹೌದು, ಮನೆಯ ಫ್ರೀಜರಿನಲ್ಲಿರುವುದೂ ಅದರಲ್ಲಿ ಸೇರುತ್ತದೆ. ಉತ್ತರದ ಬಹುಪಾಲು ವಲಯಗಳಲ್ಲಿ ಪೂರ್ಣ ಪರವಾನಗಿಗೆ ನಾಲ್ಕು, ಸಂರಕ್ಷಣಾ ಪರವಾನಗಿಗೆ ಎರಡು ವಾಲೈ, ಅದರಲ್ಲಿ 46 ಸೆಂಟಿಮೀಟರಿಗಿಂತ ಉದ್ದದ್ದು ಒಂದೇ. ಅಲ್ಲಿಯೇ ಬೇಯಿಸಿ ತಿಂದರೆ ಮರುದಿನ ಮತ್ತೆ ಹಿಡಿಯಬಹುದು. ಒಬ್ಬನ ಪಾಲನ್ನು ಇನ್ನೊಬ್ಬ ಹಿಡಿದುಕೊಡುವಂತಿಲ್ಲ, ಗ್ರೌಸ್‌ನಲ್ಲೂ ಅಷ್ಟೇ. ಮೀನನ್ನು ಸೀಳಿ ಸಾಗಿಸುವಾಗ ಜಾತಿ ಗುರುತಿಸಲು ತುಂಡಿಗೊಂದಿಷ್ಟು ಚರ್ಮ ಉಳಿಸಿ, ಎಣಿಸಲು ಬರುವಂತೆ ಬೇರೆ ಬೇರೆಯಾಗಿ ಕಟ್ಟಿ. ತಿನ್ನಲು ಚಿಕ್ಕ ಮೀನೇ ಲೇಸು, ದೊಡ್ಡ ವಾಲೈಯಲ್ಲಿ ಪಾದರಸದ ಅಂಶ ಹೆಚ್ಚು. ಗರ್ಭಿಣಿಯರಿಗೂ ಮಕ್ಕಳಿಗೂ ಇದು ಮುಖ್ಯ. ಸರೋವರವಾರು ಎಷ್ಟು ತಿನ್ನಬಹುದೆಂಬ ಮಾರ್ಗದರ್ಶಿಯನ್ನು ಪ್ರಾಂತ್ಯದ ಸರ್ಕಾರವೇ ಕೊಡುತ್ತದೆ. ಗಾಳದ ಎರೆಮೀನನ್ನು ಟೊರಾಂಟೊದಿಂದ ಒಯ್ಯಬೇಡಿ: 2022ರಿಂದ ಎರೆಮೀನನ್ನು ಒಂದು ಎರೆ ನಿರ್ವಹಣಾ ವಲಯದಿಂದ ಇನ್ನೊಂದಕ್ಕೆ ಸಾಗಿಸುವುದಕ್ಕೆ ನಿಷೇಧವಿದೆ, ಅಲ್ಲಿಯೇ ಕೊಳ್ಳಿ.

ಬಾತುಕೋಳಿಯನ್ನು ಈ ವರ್ಷ ಬಿಟ್ಟುಬಿಡಿ ಎಂದು ನೇರವಾಗಿ ಹೇಳುತ್ತೇನೆ. ಅದಕ್ಕೆ ಒಕ್ಕೂಟದ ವಲಸೆ ಹಕ್ಕಿ ಪರವಾನಗಿ ಬೇರೆ ಬೇಕು, ಸೀಸದ ಚರೆಗೆ ನಿಷೇಧವಿರುವುದರಿಂದ ಉಕ್ಕಿನಂಥ ವಿಷವಿಲ್ಲದ ಚರೆಯ ತೋಟಾ ಬೇಕು, ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯದಂತೆ ತಡೆ ಹಾಕಿಸಬೇಕು, ಹಾರುವ ಹಕ್ಕಿಯ ಜಾತಿಯನ್ನು ಕ್ಷಣದಲ್ಲಿ ಗುರುತಿಸಬೇಕು. ಇವೆಲ್ಲ ಕಲಿಯಬಹುದಾದವು. ನನ್ನನ್ನು ತಡೆಯುವುದು ಇದು: ಬಾತುಕೋಳಿ ಬೇಟೆ ಎಂದರೆ ನಸುಕಿನ ಕತ್ತಲೆಯಲ್ಲಿ, ಸಣ್ಣ ದೋಣಿಯಲ್ಲಿ, ದಪ್ಪ ಬಟ್ಟೆ ಮತ್ತು ಎದೆಮಟ್ಟದ ರಬ್ಬರ್ ಉಡುಪು ತೊಟ್ಟು, ಕೋವಿ ಹಿಡಿದು ತಣ್ಣೀರಿನ ಮೇಲೆ ಇರುವುದು.

ಇಲ್ಲಿ ನಿಮ್ಮ ಮನೆಯವರ ಚಿಂತೆಗೆ ಬರುತ್ತೇನೆ. ಅಲ್ಲಿರುವುದು ಕಪ್ಪು ಕರಡಿ. ಮೀನಿನ ಕರುಳು, ಹಕ್ಕಿಯ ತಿಪ್ಪುಳು, ಅಡುಗೆಯ ಕಸ ಇವನ್ನು ಕ್ಯಾಬಿನ್ನಿನ ಸುತ್ತ ಬಿಡದೆ ಮಾಲೀಕರು ಹೇಳಿದ ಕಡೆ ಹಾಕಿದರೆ ಅದು ನಿಮ್ಮ ಹತ್ತಿರ ಸುಳಿಯುವುದೇ ಅಪರೂಪ. ಅವರ ಭಯವನ್ನು ದೋಣಿಯ ಕಡೆಗೆ ತಿರುಗಿಸಿ. ತಣ್ಣೀರಿನ ಬಗ್ಗೆ ದಶಕಗಳಿಂದ ಸಂಶೋಧನೆ ಮಾಡಿರುವ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಇದನ್ನು ‘ಒಂದು–ಹತ್ತು–ಒಂದು’ ಎಂದು ಹೇಳಿಕೊಡುತ್ತಾರೆ: ಉಸಿರು ಹಿಡಿತಕ್ಕೆ ಬರಲು ಒಂದು ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪಲು ಒಂದು ಗಂಟೆ. ಆ ಒಂದು ಗಂಟೆಯ ಲಾಭ ಸಿಗುವುದು ಲೈಫ್ ಜಾಕೆಟ್ ತೊಟ್ಟವರಿಗೆ ಮಾತ್ರ. ಬಿದ್ದ ಕೂಡಲೇ ಮೈ ತಾನಾಗಿ ಏದುಸಿರು ಬಿಡುತ್ತದೆ, ಆಗ ತಲೆ ನೀರೊಳಗಿದ್ದರೆ ಒಂದೇ ಉಸಿರಿಗೆ ನೀರು ಶ್ವಾಸಕೋಶ ಸೇರುತ್ತದೆ, ಕಾವೇರಿಯಲ್ಲಿ ಈಜಿ ಬೆಳೆದವರಿಗೂ ಇದರಿಂದ ರಿಯಾಯಿತಿಯಿಲ್ಲ. ಜಾಕೆಟ್ಟನ್ನು ದೋಣಿಯಲ್ಲಿ ಇಟ್ಟುಕೊಳ್ಳುವುದಷ್ಟೇ ಸಾಲದು, ದಡದಲ್ಲೇ ತೊಟ್ಟು, ಗುಂಡಿ ಬಿಗಿದು, ಆಮೇಲೆ ದೋಣಿ ಹತ್ತಿ. ಮೋಟಾರು ದೋಣಿ ನಡೆಸುವವನಿಗೆ ದೋಣಿ ಚಾಲನೆಯ ಕಾರ್ಡಿನಂಥ ಅರ್ಹತೆಯ ಪುರಾವೆ ಕಡ್ಡಾಯ. ಜಿಪ್ ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ, ಬೆಂಕಿಪೊಟ್ಟಣ ಸದಾ ಇರಲಿ.

ಕೋವಿಯ ಕೆಲವು ನಿಯಮಗಳನ್ನು ನೆನಪಿಸಿ ಮುಂದಕ್ಕೆ ಹೋಗುತ್ತೇನೆ. ಕಾರಿನೊಳಗೆ ಕೋವಿಯಲ್ಲಿ ತೋಟಾ ಇರಬಾರದು, ಸೂರ್ಯಾಸ್ತವಾಗಿ ಅರ್ಧ ಗಂಟೆಯ ನಂತರ ಅದು ಚೀಲದೊಳಗಿರಬೇಕು. ದಾರಿಯಲ್ಲಿ ಹಕ್ಕಿ ಕಂಡಾಗ ಕಾರಿನಿಂದಲೋ ಸಾರ್ವಜನಿಕ ರಸ್ತೆಗೆ ಅಡ್ಡವಾಗಿಯೋ ಹೊಡೆಯುವಂತಿಲ್ಲ, ಹೊಸಬರ ಕೈ ಜಾರುವುದು ಅಲ್ಲಿಯೇ. ಮೂಸ್‌ನ ಕೋವಿ ಬೇಟೆ ಅಲ್ಲಿ ಸಾಮಾನ್ಯವಾಗಿ ಅಕ್ಟೋಬರದಲ್ಲಿ ಶುರುವಾಗುತ್ತದೆ, ಆ ದಿನಗಳಲ್ಲಿ ಗ್ರೌಸ್ ಬೇಟೆಗಾರರೂ ಕಿತ್ತಳೆ ಬಣ್ಣದ ಅಂಗಿ ಟೋಪಿ ತೊಡುವುದು ಕಡ್ಡಾಯ. ನೀವು ಅದಕ್ಕೆ ಮುನ್ನವೇ ಹೋಗುತ್ತಿದ್ದರೂ ತೊಡಿ, ಎಲೆ ಇನ್ನೂ ಉದುರದ ಪೊದೆಯಲ್ಲಿ ಹತ್ತು ಮಾರು ದೂರದ ಗೆಳೆಯ ಕಾಣುವುದಿಲ್ಲ.

ಇನ್ನು ನಿಮ್ಮ ತಮ್ಮ. ಅವರು ಕೋವಿ ಮುಟ್ಟುವುದು ಬೇಡ, ಹೊರದೇಶದವರ ಬೇಟೆ ಪರವಾನಗಿಗೆ ಹಿಂದಿನ ಅರ್ಹತೆಯ ದಾಖಲೆ ಬೇಕಾಗುತ್ತದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಷಿದ್ಧವಾಗಿರುವ ದೇಶದಿಂದ ಬಂದವರ ಬಳಿ ಅದು ಇರುವುದು ಕಷ್ಟ. ಹೊರದೇಶದವರ ಮೀನುಗಾರಿಕೆ ಪರವಾನಗಿ ಮಾತ್ರ ಸುಲಭವಾಗಿ ಸಿಗುತ್ತದೆ. ಕ್ಯಾಬಿನ್ ಬಿಟ್ಟು ಒಂದು ರಾತ್ರಿ ಸರ್ಕಾರಿ ಕಾಡಿನಲ್ಲಿ ಡೇರೆ ಹಾಕುವ ಆಸೆಯಿದ್ದರೆ, ಫ್ರೆಂಚ್ ಮತ್ತು ಮಟ್ಟಾವ ನದಿಗಳ ಉತ್ತರಕ್ಕೆ ನಿಮಗೆ ಅದು ಉಚಿತ, ಅವರಿಗೆ ಪ್ರತ್ಯೇಕ ಪರವಾನಗಿ ಬೇಕು. ಬೆಳಗಿನ ದೋಣಿಯಲ್ಲಿ ಅವರನ್ನು ಮುಂದೆ ಕೂರಿಸಿ, ಕಾಲು ಔನ್ಸಿನ ಜಿಗ್ಗಿಗೆ, ಅಂದರೆ ಭಾರದ ತಲೆಯ ಗಾಳಕ್ಕೆ, ಎರೆಮೀನು ಸಿಕ್ಕಿಸಿ ಕೈಗೆ ಕೊಡಿ, ತಳ ಮುಟ್ಟಿದ ಮೇಲೆ ಒಂದು ಗೇಣು ಎತ್ತಿ ಹಿಡಿಯಲು ಹೇಳಿ. ವಾಲೈ ಕಚ್ಚುವುದು ಎಳೆತದಂತೆ ತಿಳಿಯುವುದಿಲ್ಲ, ದಾರ ಒದ್ದೆ ಎಲೆಗೆ ಸಿಕ್ಕಿಕೊಂಡಂತೆ ಭಾರವಾಗುತ್ತದೆ. ಆಗ ಮಣಿಕಟ್ಟಿನಿಂದ ಮೇಲಕ್ಕೆ ಎತ್ತಬೇಕು.